ಗದ್ದಲ ನಿವಾರಣೆ

ಸೌರಫಲಕ ಹೇಸರಗತ್ತೆಯ ಬೆನ್ನೇರಿ ಬಂದದ್ದು ಮಾರ್ಚಿಯಲ್ಲಿ.
ವಹಾಕಾ ಬೆಟ್ಟಗಳ ಈ ಊರಲ್ಲಿ ಕಂಬ ನೆಡಲು ಕೂಲಿ ಇಲ್ಲ, ಸರದಿ ಇದೆ;
ರಸ್ತೆ, ಚರಂಡಿ, ಶಾಲೆಯ ಮಾಡು, ಎಲ್ಲ ಆದದ್ದು ಹೀಗೇ.
ನಾನು ಕೆಳಗಿನ ಪಟ್ಟಣದ ಮೇಷ್ಟ್ರು, ಸ್ಪ್ಯಾನಿಷ್ ಬಾಯಿಯವ.
ಹಾರೆ ಹಿಡಿಯಲು ಬಾರದೆಂದು ಕಂಡು
ಕೈಗೆ ನೀರಿನ ಕೊಡ ಕೊಟ್ಟರು.

ಕಣಿವೆಯ ಈಚೆ ಊರು, ಆಚೆ ಕಾಫಿಯ ಇಳಿಜಾರು.
ನಡೆದರೆ ಒಂದೂವರೆ ಗಂಟೆ, ಸಿಳ್ಳೆಗೆ ಎರಡು ಉಸಿರು.
ಚಿನಾಂಟೆಕ್ ಮಾತಿನ ಏರಿಳಿತವನ್ನಷ್ಟೇ ಸುಲಿದು
ತುಟಿಗೆ ಕೊಟ್ಟರೆ ಅದೇ ಮಾತು:
‘ಚೀಲ ಹರಿದಿದೆ, ದಬ್ಬಳ ಕಳಿಸು.’
‘ಯಾವುದು?’
‘ದೊಡ್ಡದು, ತುದಿ ಬಾಗಿದ್ದು.’
ಇಷ್ಟು ವಿವರ, ಒಂದೂ ಅಕ್ಷರವಿಲ್ಲದೆ.

ಈಗ ಬಲ್ಲವರು ಒಂಬತ್ತು ಜನ. ಇಬ್ಬರಿಗೆ ಮುಂದಿನ ಹಲ್ಲಿಲ್ಲ.
ಊರ ಸಭೆ ರಾತ್ರಿಯೆಲ್ಲ ಕೂತು ತೀರ್ಮಾನಿಸಿತು:
ಮಕ್ಕಳು ದನಿ ಹಿಡಿಯಲಿ,
ಹಿಡಿದದ್ದು ಕಚೇರಿ ಕಪಾಟಿನ ಪೆಟ್ಟಿಗೆಯಲ್ಲೇ ಇರಲಿ,
ಬೀಗದ ಕೈ ಊರಿನದು, ಕಂಪನಿಯದಲ್ಲ.

ಮೊದಲ ದಿನ ಎಲಾದಿಯೊ ಅಜ್ಜ ಬಂಡೆ ಹತ್ತಿ
ನಾಲ್ಕು ಮಾತು ಸಿಳ್ಳೆ ಹಾಕಿದರು.
ಕೇಳಿಸಿ ನೋಡಿದರೆ ಫೋನಿನಲ್ಲಿ
ಹುಡುಗರ ಪಿಸುಮಾತು ಇದೆ,
‘ಸುಮ್ಮನಿರಿ’ ಎಂಬ ನನ್ನ ಸ್ಪ್ಯಾನಿಷ್ ಗದರಿಕೆ
ಗಂಟೆ ಹೊಡೆದ ಹಾಗಿದೆ,
ಸಿಳ್ಳೆ ಮಾತ್ರ ಇಲ್ಲ.
ಅದಿದ್ದ ಕಡೆ ಹತ್ತಿ ತುರುಕಿದಂಥ ಮೌನ.

ಹನ್ನೊಂದು ವರ್ಷದ ಫಿದೆನ್ಸಿಯೊ ಒಳಗೆಲ್ಲೋ ಬೆರಳಾಡಿಸಿ
ಪತ್ತೆ ಹಚ್ಚಿದ: ‘ಗದ್ದಲ ನಿವಾರಣೆ, ಚಾಲೂ.’
ಅಜ್ಜ ನಗಲಿಲ್ಲ, ಸಿಟ್ಟಾಗಲೂ ಇಲ್ಲ.
‘ಇದೂ ನಮ್ಮ ಹಳೇ ಶಾಲೆಯಲ್ಲೇ ಓದಿತ್ತೇನು?’ ಅಂದರು.
ನಾನು ಸೀಮೆಸುಣ್ಣದ ಕೈಯನ್ನು ಜೇಬಿಗಿಳಿಸಿದೆ.

ಆಮೇಲೆ ಕೆಲಸ ಸಾಗಿತು.
ಹೇಸರಗತ್ತೆ ಬಿಚ್ಚಿಕೊಂಡಿದೆ. ಹಾವಿದೆ, ಅತ್ತ ಬರಬೇಡ. ಉಪ್ಪು ಮರೆತೆ.
ಅಜ್ಜಂದಿರ ಉಸಿರು ತೆರೆಯ ಮೇಲೆ ಗೆರೆಯಾಯಿತು;
ಮಕ್ಕಳು ತಮ್ಮ ಗೆರೆಯನ್ನು ಅದರ ಮೇಲೆ ಕೂರಿಸಿ ನೋಡಿದರು.

ಹುಡುಗಿಯರು ಸಿಳ್ಳೆ ಹಾಕುವುದಿಲ್ಲ ಇಲ್ಲಿ.
ಕೇಳುತ್ತಾರೆ, ಪ್ರತಿ ಮಾತೂ ತಿಳಿಯುತ್ತದೆ;
ಉತ್ತರ ಮಾತ್ರ ಒಲೆಯ ಮುಂದೆ, ಗಂಡಸು ಮನೆ ಸೇರಿದ ಮೇಲೆ.
ನೆರೆಯ್ದಾ ಹೆಡ್‌ಫೋನ್ ಸಿಕ್ಕಿಸಿಕೊಂಡು
ಮೆಕ್ಕೆಜೋಳ ಬಿಡಿಸುತ್ತ ತುಟಿ ಮಡಿಚಿದಳು.
ತಾಯಿ ಕಂಡಳು. ಕಂಡೂ ಕಾಣದಂತೆ ಬುಟ್ಟಿ ಸರಿಸಿದಳು.
ತೆರೆ ಹೇಳಿತು: ನೂರಕ್ಕೆ ತೊಂಬತ್ತಾರು, ಹಸಿರು ಗುರುತು.

ಅಂದು ಸಂಜೆ ಮಂಜು ಕಣಿವೆಯ ಕಂಠಮಟ್ಟ ತುಂಬಿತ್ತು.
ಬಂಡೆಯ ಮೇಲೆ ನಿಂತು ಆಚೆ ದಡಕ್ಕೆ ಕೇಳಿದಳು:
‘ಅಜ್ಜಾ, ಬುಟ್ಟಿ ತುಂಬಿತೆ?’
ಏನೂ ಇಲ್ಲ. ಮತ್ತೆ ಹಾಕಿದಳು.
ಉತ್ತರ ಬಂತು.
ಹುಡುಗರೆಲ್ಲ ಹೊಟ್ಟೆ ಹಿಡಿದು ಕೂತರು.
ಫಿದೆನ್ಸಿಯೊ ಕಣ್ಣೊರೆಸಿಕೊಳ್ಳುತ್ತ ನನಗೆ ತಿಳಿಸಿದ:
‘ಯಾರ ಕೋಳಿ ಸತ್ತಿತು, ಮಗು? ಅಂತಿದ್ದಾರೆ.’

ಅವಳು ಫೋನನ್ನು ನನ್ನ ಅಂಗೈಯಲ್ಲಿಟ್ಟು ಚಪ್ಪಲಿ ಮೆಟ್ಟಿದಳು.
‘ನಾಳೆ ಹೋಗು’ ಅನ್ನುವಷ್ಟರಲ್ಲಿ
ಸೊಂಟದವರೆಗೆ ಮಂಜಿನಲ್ಲಿದ್ದಳು.

ಇಳಿಯುತ್ತ ಹಾಕುತ್ತಿದ್ದಾಳೆ ಅದನ್ನೇ.
ಆಚೆಯಿಂದ ಅಜ್ಜ ತಿದ್ದುತ್ತಿದ್ದಾರೆ:
ಕೊನೆಯದನ್ನು ಇಳಿಸು. ಅಷ್ಟಲ್ಲ. ಉಸಿರು ಸಾಲದು, ನಿಂತು ಹಾಕು.
ನಾನು ಮುದ್ರಣದ ಗುಂಡಿ ಒತ್ತಿದೆ,
ನಿವಾರಣೆ ಆರಿದೆಯೇ ಎಂದು ಎರಡು ಸಲ ನೋಡಿದೆ.
ನಾಯಿ, ಹುಂಜ, ಹುಡುಗರ ನಗೆ,
ಬಾಯಿ ಮುಚ್ಚಿ ಕಲಿಯುತ್ತಿರುವ ನನ್ನ ಏದುಸಿರು,
ಬರಲಿ ಎಲ್ಲ.

ಕತ್ತಲಾಯಿತು. ಅವಳೆಲ್ಲಿದ್ದಾಳೋ.
ಕಣಿವೆಯ ತಳದಿಂದ ಇನ್ನೊಂದು ಸಲ ಹಾಕಿದಳು.
ಯಾರೂ ನಗಲಿಲ್ಲ.
ಆಚೆಯಿಂದ ಒಂದೇ ಒಂದು ಚಿಕ್ಕ ಸಿಳ್ಳೆ.

ಅವಳ ತಾಯಿ ಬಾಗಿಲಿಗೆ ಬಂದು
ಯಾರನ್ನೂ ನೋಡದೆ ‘ತುಂಬಿದೆಯಂತೆ’ ಅಂದು
ಇನ್ನೆರಡು ರೊಟ್ಟಿ ತಟ್ಟಲು ಒಳಗೆ ಹೋದಳು.